ತೈ ಚಿ: ನಿಧಾನವಾಗಿ ಒಂದು ಹೆಜ್ಜೆ ಇಡುವುದು ಅಷ್ಟು ಕಷ್ಟವೇಕೆ?

ಊರ ಹಬ್ಬಗಳಲ್ಲಿ, ಶಾಲೆಯ ವಾರ್ಷಿಕೋತ್ಸವಗಳಲ್ಲಿ ನಿಧಾನ ಸೈಕಲ್ ಸ್ಪರ್ಧೆ ನೋಡಿದವರಿಗೆ ಗೊತ್ತು. ಎಲ್ಲರಿಗಿಂತ ಕೊನೆಗೆ ಗೆರೆ ಮುಟ್ಟಿದವರು ಗೆದ್ದಂತೆ. ನಡುವೆ ಕಾಲು ನೆಲಕ್ಕೆ ತಾಗಿದರೆ ಆಟದಿಂದ ಹೊರಗೆ. ದಿನವೂ ಸೈಕಲ್ ತುಳಿಯುವ ಹುಡುಗರೇ ಹತ್ತು ಮಾರು ದಾಟುವುದರೊಳಗೆ ವಾಲಿ ಕಾಲೂರಿಬಿಡುತ್ತಾರೆ. ಜೋರಾಗಿ ಹೋಗುವಾಗ ಆ ಓಟವೇ ಸೈಕಲ್ಲನ್ನು ಎತ್ತಿ ಹಿಡಿದಿರುತ್ತದೆ. ಓಟ ತಗ್ಗಿದ ಕೂಡಲೇ ಸಮತೋಲನದ ಹೊಣೆಯೆಲ್ಲ ಸವಾರನ ಮೈಮೇಲೆ ಬೀಳುತ್ತದೆ.

ನಡಿಗೆಯೂ ಹಾಗೆಯೇ. ಗೋಡೆಯ ಪಕ್ಕ ನಿಂತು, ಒಂದೇ ಒಂದು ಹೆಜ್ಜೆಯನ್ನು ಹತ್ತು ಎಣಿಸುವಷ್ಟು ಹೊತ್ತು ತೆಗೆದುಕೊಂಡು ಮುಂದಿಟ್ಟು ನೋಡಿ. ಎತ್ತಿದ ಕಾಲು ಗಾಳಿಯಲ್ಲಿರುವಾಗ ನಿಂತ ಕಾಲು ಅದುರುತ್ತದೆ, ಬೆರಳುಗಳು ನೆಲವನ್ನು ಕಚ್ಚಿ ಹಿಡಿಯುತ್ತವೆ, ಕೈ ತಾನಾಗಿ ಗೋಡೆಯತ್ತ ಚಾಚುತ್ತದೆ. ದಿನಕ್ಕೆ ಸಾವಿರಾರು ಬಾರಿ ಯೋಚಿಸದೆ ಮಾಡುವ ಕೆಲಸದೊಳಗೆ ಇಷ್ಟೆಲ್ಲ ನಡೆಯುತ್ತಿದೆ ಎಂಬುದು ಆಗ ತಿಳಿಯುತ್ತದೆ. ತೈ ಚಿ ಎಂಬ ಚೀನಾದ ವಿದ್ಯೆ ಶುರುವಾಗುವುದು ಇಲ್ಲಿಂದ.

ಈ ಹೆಸರು ಈಗ ನಮ್ಮ ಮನೆಗಳಲ್ಲೂ ಕೇಳಿಬರುತ್ತಿದೆ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಆರು ತಿಂಗಳಿಗೆಂದು ಹೋದ ಹಿರಿಯರು ಅಲ್ಲಿನ ಉದ್ಯಾನಗಳಲ್ಲಿ ಇದನ್ನು ನೋಡಿ ಬಂದು ಹೇಳುತ್ತಾರೆ. 2019ರಲ್ಲಿ ಅಮೆರಿಕದ ಸಂಧಿವಾತ ತಜ್ಞರ ಸಂಘವು ಮೊಣಕಾಲು ಮತ್ತು ಸೊಂಟದ ಕೀಲುಗಳ ಸವೆತಕ್ಕೆ ಬಲವಾಗಿ ಶಿಫಾರಸು ಮಾಡುವ ಉಪಾಯಗಳ ಸಾಲಿಗೆ ತೈ ಚಿಯನ್ನು ಸೇರಿಸಿತು. 2020ರ ಡಿಸೆಂಬರಿನಲ್ಲಿ ಯುನೆಸ್ಕೊ ಇದನ್ನು ಮನುಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ತೆಗೆದುಕೊಂಡಿತು. ಇಷ್ಟಾದರೂ ಮೊಬೈಲಿನಲ್ಲಿ ವಿಡಿಯೊ ನೋಡಿದವರ ಪ್ರಶ್ನೆ ಹಾಗೆಯೇ ಉಳಿಯುತ್ತದೆ: ಬೆವರೇ ಬಾರದಷ್ಟು ಮೆಲ್ಲಗೆ ಕೈಯಾಡಿಸಿದರೆ ಏನು ಪ್ರಯೋಜನ?

## ಹೆಸರಿನ ಗೊಂದಲ

ಪೂರ್ಣ ಹೆಸರು ತೈಜಿಚುವಾನ್. ‘ತೈ’ ಎಂದರೆ ಪರಮವಾದದ್ದು, ಅತಿ ದೊಡ್ಡದು. ‘ಚುವಾನ್’ ಎಂದರೆ ಮುಷ್ಟಿ. ಮುಷ್ಟಿಯುದ್ಧದ ಪದ್ಧತಿ ಎಂಬ ಅರ್ಥದಲ್ಲಿ ಅದು ಇಲ್ಲಿ ಬಂದಿದೆ. ನಡುವಿನ ‘ಜಿ’ ಅಕ್ಷರವೇ ಹಳೆಯ ಇಂಗ್ಲಿಷ್ ಬರವಣಿಗೆಯ ದಾರಿಯಿಂದ ಬರುವಾಗ ‘ಚಿ’ ಆಗಿ ನಮ್ಮನ್ನು ತಲುಪಿದೆ. ಗೊಂದಲ ಹುಟ್ಟುವುದೂ ಇದರಿಂದಲೇ. ಚೀನಿಯರು ಪ್ರಾಣಶಕ್ತಿಗೆ ಹೇಳುವ ಹೆಸರು ಸಹ ‘ಚಿ’. ಹೀಗಾಗಿ ತೈ ಚಿ ಎಂದರೆ ‘ಮಹಾಪ್ರಾಣಶಕ್ತಿ’ ಎಂದು ಹಲವರು ತಿಳಿದಿದ್ದಾರೆ. ಚೀನೀ ಲಿಪಿಯಲ್ಲಿ ಇವೆರಡೂ ಬೇರೆ ಬೇರೆ ಅಕ್ಷರಗಳು, ಅರ್ಥವೂ ಬೇರೆ.

ತೈ ಚಿಯ ‘ಜಿ’ಗೆ ತುದಿ, ಪರಮಾವಧಿ ಎಂಬ ಅರ್ಥವಿದೆ. ಆ ಅಕ್ಷರದ ಮೂಲ ಅರ್ಥ ಇನ್ನೂ ಸೊಗಸಾದದ್ದು: ಮನೆಯ ಮಾಡಿನ ನೆತ್ತಿಯಲ್ಲಿ ಈ ತುದಿಯಿಂದ ಆ ತುದಿಗೆ ಹಾಯುವ ತೊಲೆ. ಮಲೆನಾಡಿನ ಹೆಂಚಿನ ಮನೆಯೊಂದನ್ನು ನೆನಪಿಸಿಕೊಳ್ಳಿ. ಆ ತೊಲೆಯ ಎರಡೂ ಪಕ್ಕಕ್ಕೆ ಮಾಡು ಇಳಿಜಾರಾಗಿ ಇಳಿಯುತ್ತದೆ. ಒಂದು ಇಳಿಜಾರು ಮಾತ್ರ ಇರುವ ನೆತ್ತಿ ಸಾಧ್ಯವಿಲ್ಲ. ಒಂದನ್ನೊಂದು ಒರಗಿಕೊಂಡ ಎರಡು ಬದಿಗಳು, ಅವು ಕೂಡುವ ಒಂದು ಗೆರೆ: ತೈ ಚಿಯ ತತ್ತ್ವಕ್ಕೆ ಇದಕ್ಕಿಂತ ಸರಳ ಚಿತ್ರ ನನಗೆ ಸಿಕ್ಕಿಲ್ಲ.

## ಬೆಟ್ಟದ ಎರಡು ಮಗ್ಗುಲು

ಆ ಎರಡು ಬದಿಗಳ ಹೆಸರು ಯಿನ್ ಮತ್ತು ಯಾಂಗ್. ಕಪ್ಪು ಬಿಳುಪು ಮೀನುಗಳು ಒಂದನ್ನೊಂದು ಸುತ್ತಿಕೊಂಡಂತೆ ಕಾಣುವ ವೃತ್ತ ಇವುಗಳ ಗುರುತು. ಒಂದು ಒಳ್ಳೆಯದು, ಇನ್ನೊಂದು ಕೆಟ್ಟದ್ದು ಎಂದು ಕೆಲವರು ಓದುವುದುಂಟು. ಆ ಅರ್ಥ ಅದರಲ್ಲಿಲ್ಲ. ಮೂಲದಲ್ಲಿ ಯಿನ್ ಎಂದರೆ ಬೆಟ್ಟದ ನೆರಳಿನ ಮಗ್ಗುಲು, ಯಾಂಗ್ ಎಂದರೆ ಬಿಸಿಲಿನ ಮಗ್ಗುಲು. ಬೆಳಿಗ್ಗೆ ಬಿಸಿಲಿದ್ದ ಕಡೆ ಸಂಜೆ ನೆರಳಾಗುತ್ತದೆ. ಬೆಟ್ಟ ಒಂದೇ. ಹಗಲು ರಾತ್ರಿ, ಉಸಿರು ಒಳಗೆ ಹೊರಗೆ, ಗಟ್ಟಿ ಮೆದು, ತುಂಬಿದ್ದು ಖಾಲಿಯಾದದ್ದು: ಹೀಗೆ ಒಂದು ಇನ್ನೊಂದಾಗಿ ತಿರುಗುವ ಜೋಡಿಗಳನ್ನೆಲ್ಲ ಚೀನೀ ಚಿಂತಕರು ಈ ಎರಡು ಹೆಸರುಗಳ ಕೆಳಗೆ ತಂದರು. ತೈಜಿಯಿಂದ ಈ ಎರಡು ಹುಟ್ಟಿದವು ಎಂಬ ಮಾತು ‘ಯೀಜಿಂಗ್’ ಎಂಬ ಪ್ರಾಚೀನ ಗ್ರಂಥದ ವ್ಯಾಖ್ಯಾನ ಭಾಗದಲ್ಲಿ ಬರುತ್ತದೆ.

ಇದು ಕಾಲಿಗೆ ಇಳಿಯುವುದು ಹೇಗೆ? ಎರಡೂ ಕಾಲಿನ ಮೇಲೆ ಸಮವಾಗಿ ಭಾರ ಹಾಕಿ ನಿಂತವನು ಯಾವ ಕಾಲನ್ನೂ ತಕ್ಷಣ ಎತ್ತಲಾರ. ಮೊದಲು ಒಂದರ ಮೇಲೆ ಭಾರ ಸುರಿದು ಇನ್ನೊಂದನ್ನು ಖಾಲಿ ಮಾಡಿಕೊಳ್ಳಬೇಕು. ತೈ ಚಿ ಗುರುಗಳು ಬಳಸುವ ಪದಗಳೂ ಇವೇ: ‘ತುಂಬಿದ ಕಾಲು’, ‘ಖಾಲಿ ಕಾಲು’. ಒಂದು ಕೊಡದ ನೀರನ್ನು ಇನ್ನೊಂದಕ್ಕೆ ಚೆಲ್ಲದಂತೆ ಸುರಿಯುವ ಹಾಗೆ ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಸಾಗಿಸಬೇಕು. ಯಿನ್-ಯಾಂಗ್ ಎಂಬ ದೊಡ್ಡ ಮಾತು ಅಭ್ಯಾಸಿಯ ಪಾಲಿಗೆ ಮೊದಲ ದಿನ ಇಷ್ಟೇ ಆಗಿರುತ್ತದೆ.

ಎರಡನೆಯ ವಿಚಾರ ಮೆದುತನದ್ದು. ಬದುಕಿರುವಾಗ ಮನುಷ್ಯನ ಮೈ ಮೆದು, ಸತ್ತಾಗ ಸೆಟೆದು ಗಟ್ಟಿ. ನೀರಿಗಿಂತ ಮೆದುವಾದದ್ದಿಲ್ಲ, ಆದರೂ ಗಟ್ಟಿಯಾದದ್ದನ್ನು ಸವೆಸಲು ಅದಕ್ಕಿಂತ ಸಮರ್ಥವಾದದ್ದಿಲ್ಲ ಎಂಬುದು ಪ್ರಾಚೀನ ಚೀನಾದ ಚಿಂತಕ ಲಾವೋತ್ಸೆಯ ಹೆಸರಿನಲ್ಲಿ ಉಳಿದುಬಂದಿರುವ ತಾವೋ ಚಿಂತನೆ. ತೈ ಚಿ ಅದನ್ನು ಹೊಡೆದಾಟಕ್ಕೆ ಅನ್ವಯಿಸಿತು. ಬಿಗಿದು ಕೂತ ಬಾಗಿಲನ್ನು ನೀವು ಹೆಗಲು ಕೊಟ್ಟು ತಳ್ಳುತ್ತಿದ್ದೀರಿ, ಅಷ್ಟರಲ್ಲಿ ಒಳಗಿನಿಂದ ಯಾರೋ ಚಿಲಕ ತೆಗೆದರು ಎಂದುಕೊಳ್ಳಿ. ನೀವು ಮುಗ್ಗರಿಸಿ ಒಳಗೆ ಬೀಳುತ್ತೀರಿ. ನಿಮ್ಮನ್ನು ಯಾರೂ ಎಳೆಯಲಿಲ್ಲ. ನಿಮ್ಮ ಬಲವೇ ನಿಮ್ಮನ್ನು ಬೀಳಿಸಿತು. ತೈ ಚಿ ಬಲ್ಲವನು ಆ ಬಾಗಿಲಿನಂತೆ ಇರಲು ಕಲಿಯುತ್ತಾನೆ. ತಳ್ಳಿದ ಕಡೆಗೆ ಸರಿದು ಜಾಗ ಕೊಡುತ್ತಾನೆ, ಎದುರಾಳಿಯ ಭಾರ ಅವನ ಪಾದಗಳಿಂದಾಚೆ ಬಂದ ಕ್ಷಣದಲ್ಲಿ ಒಂದಿಷ್ಟು ತಿರುಗಿಸುತ್ತಾನೆ. ನಾಲ್ಕು ತೊಲದ ಬಲದಿಂದ ಸಾವಿರ ಸೇರಿನ ಭಾರವನ್ನು ಹೊರಳಿಸುವುದು ಎಂದು ಈ ವಿದ್ಯೆಯ ಹಳೆಯ ಮಾತನ್ನು ನಮ್ಮ ಅಳತೆಗಳಲ್ಲಿ ಹೇಳಬಹುದು.

ಮೆದು ಎಂದರೆ ಜೋಲು ಬೀಳುವುದು ಎಂದುಕೊಳ್ಳಬಾರದು. ಇದಕ್ಕೆ ಚೀನೀ ಭಾಷೆಯಲ್ಲಿ ‘ಸುಂಗ್’ ಎಂಬ ಪದವಿದೆ, ಬಿಗಿ ಬಿಟ್ಟ ಸ್ಥಿತಿ. ಅದನ್ನು ನೋಡಬೇಕಾದರೆ ತುಂಬಿದ ಬಸ್ಸಿನಲ್ಲಿ ಟಿಕೆಟ್ ಕೊಡುತ್ತ ಸಾಗುವ ಅನುಭವಿ ಕಂಡಕ್ಟರನ್ನು ಗಮನಿಸಿ. ಚಾಲಕ ಬ್ರೇಕ್ ಹಾಕಿದಾಗ ಕಂಬಿ ಹಿಡಿದ ಪ್ರಯಾಣಿಕರೂ ಮುಂದಕ್ಕೆ ವಾಲುತ್ತಾರೆ. ಕಂಡಕ್ಟರ್ ಮಾತ್ರ ಎರಡೂ ಕೈಯಲ್ಲಿ ಕೆಲಸ ಮಾಡುತ್ತಲೇ ಇರುತ್ತಾರೆ. ಅವರ ಮಂಡಿ ಸ್ವಲ್ಪ ಬಾಗಿರುತ್ತದೆ, ಸೊಂಟ ಸಡಿಲವಾಗಿರುತ್ತದೆ, ಬೆನ್ನು ನೆಟ್ಟಗಿರುತ್ತದೆ. ಬಸ್ಸು ಅಲುಗಿದಷ್ಟೂ ಅವರ ಕಾಲು ಆ ಅಲುಗಾಟವನ್ನು ನುಂಗುತ್ತದೆ.

## ಹೊಡೆದಾಟದ ವಿದ್ಯೆ ಉದ್ಯಾನಕ್ಕೆ ಬಂದ ಬಗೆ

ವೂದಾಂಗ್ ಬೆಟ್ಟದಲ್ಲಿದ್ದ ಜಾಂಗ್ ಸಾನ್‌ಫೆಂಗ್ ಎಂಬ ತಾವೋ ಸಾಧಕ, ಹಾವು ಮತ್ತು ಕೊಕ್ಕರೆಯ ಕಾದಾಟ ನೋಡಿ ಈ ವಿದ್ಯೆಯನ್ನು ಕಂಡುಕೊಂಡ ಎಂಬ ಕಥೆ ಜನಪ್ರಿಯವಾಗಿದೆ. ಇತಿಹಾಸಕಾರರು ಅದನ್ನು ದಂತಕಥೆಯೆಂದೇ ಪರಿಗಣಿಸುತ್ತಾರೆ. ದಾಖಲೆಗಳ ಜಾಡು ನಮ್ಮನ್ನು ಒಯ್ಯುವುದು ಹೆನಾನ್ ಪ್ರಾಂತ್ಯದ ವೆನ್ ಕೌಂಟಿಯಲ್ಲಿರುವ ಚೆನ್‌ಜಿಯಾಗೌ ಎಂಬ ಹಳ್ಳಿಗೆ. ಅಲ್ಲಿನ ಚೆನ್ ಮನೆತನದ ಯೋಧ ಚೆನ್ ವಾಂಗ್‌ಟಿಂಗ್, ಮಿಂಗ್ ರಾಜವಂಶ ಉರುಳಿದ 17ನೇ ಶತಮಾನದಲ್ಲಿ, ತನಗೆ ಗೊತ್ತಿದ್ದ ಕಾದಾಟದ ಪಟ್ಟುಗಳನ್ನು ಉಸಿರಿನ ಅಭ್ಯಾಸ ಮತ್ತು ಯಿನ್-ಯಾಂಗ್ ವಿಚಾರದೊಂದಿಗೆ ಹೆಣೆದ ಎಂದು ಆ ಪರಂಪರೆ ಹೇಳುತ್ತದೆ.

ತಲೆಮಾರುಗಳ ಕಾಲ ಅದು ಮನೆತನದೊಳಗೇ ಉಳಿಯಿತು. ಅದನ್ನು ಹೊರಗೆ ತಂದವನು 1799ರಲ್ಲಿ ಹುಟ್ಟಿದ ಯಾಂಗ್ ಲೂಚಾನ್. ಹೊರಗಿನವನಾದರೂ ಚೆನ್ ಹಳ್ಳಿಯಲ್ಲಿ ಕಲಿತು, ಮುಂದೆ ಬೀಜಿಂಗ್‌ನಲ್ಲಿ ಕ್ವಿಂಗ್ ಅರಸರ ಕಡೆಯವರಿಗೆ ಕಲಿಸಿದ. (ಈ ಯಾಂಗ್ ಎಂಬ ಮನೆತನದ ಹೆಸರಿಗೂ ಯಿನ್-ಯಾಂಗ್‌ನ ಯಾಂಗ್‌ಗೂ ಸಂಬಂಧವಿಲ್ಲ, ಅಕ್ಷರಗಳೇ ಬೇರೆ.) ಅವನ ಮೊಮ್ಮಗ ಯಾಂಗ್ ಚೆಂಗ್‌ಫು ಜಿಗಿತ, ಹಠಾತ್ ಹೊಡೆತಗಳನ್ನು ತೆಗೆದು ಎಲ್ಲವನ್ನೂ ಒಂದೇ ಸಮನಾದ, ವಿಶಾಲವಾದ, ನಿಧಾನದ ಚಲನೆಗೆ ತಂದ. ಇಂದು ಉದ್ಯಾನಗಳಲ್ಲಿ ಕಾಣುವ ತೈ ಚಿ ಬಹುಮಟ್ಟಿಗೆ ಈ ಕವಲಿನದು. ಚೆನ್, ಯಾಂಗ್ ಅಲ್ಲದೆ ಇಬ್ಬರು ಬೇರೆ ಬೇರೆ ‘ವು’ ಗುರುಗಳ ಎರಡು ಶೈಲಿಗಳು, ಸುನ್ ಶೈಲಿ ಸೇರಿ ಮುಖ್ಯವಾದವು ಐದು. ಚೆನ್ ಶೈಲಿಯಲ್ಲಿ ಇಂದಿಗೂ ನಿಧಾನದ ನಡುವೆ ಒಮ್ಮೆಲೇ ಸಿಡಿಯುವ ಹೊಡೆತಗಳಿವೆ.

1956ರಲ್ಲಿ ಚೀನಾದ ಕ್ರೀಡಾ ಆಯೋಗ ಯಾಂಗ್ ಶೈಲಿಯಿಂದ 24 ಭಂಗಿಗಳನ್ನು ಆಯ್ದು ಒಂದು ಸರಳ ಮಾಲೆಯನ್ನು ರೂಪಿಸಿತು. ನೂರರಷ್ಟು ಭಂಗಿಗಳ ಹಳೆಯ ಮಾಲೆಯನ್ನು ಕಲಿಯಲು ಸಮಯವಿಲ್ಲದ ಕಾರ್ಮಿಕರು, ನೌಕರರು, ವಿದ್ಯಾರ್ಥಿಗಳು ಅದನ್ನು ಕಲಿತರು. ಸುಮಾರು ಐದಾರು ನಿಮಿಷದಲ್ಲಿ ಮುಗಿಯುವ ಈ ಮಾಲೆಯೇ ಜಗತ್ತಿನ ಹಲವು ಕಡೆ ಮೊದಲ ಪಾಠ.

## ಒಂದು ಭಂಗಿಯನ್ನು ಬಿಡಿಸಿ ನೋಡಿದರೆ

ಭಂಗಿಗಳ ಹೆಸರುಗಳೇ ಒಂದು ಚಿತ್ರಶಾಲೆ: ಬಿಳಿ ಕೊಕ್ಕರೆ ರೆಕ್ಕೆ ಬಿಚ್ಚುವುದು, ಪೀಪಾ ವಾದ್ಯ ನುಡಿಸುವುದು, ಕಡಲ ತಳದ ಸೂಜಿ, ಮೋಡದ ಕೈ. 24ರ ಮಾಲೆಯಲ್ಲಿ ಆರಂಭದಲ್ಲೇ ಬರುವುದು ‘ಕಾಡುಕುದುರೆಯ ಜೂಲು ಬಿಡಿಸುವುದು’.

ಎದೆಯ ಮುಂದೆ ದೊಡ್ಡ ಚೆಂಡೊಂದನ್ನು ಹಿಡಿದಂತೆ ಬಲಗೈ ಮೇಲೆ, ಎಡಗೈ ಕೆಳಗೆ. ಮೈಭಾರವೆಲ್ಲ ಬಲಗಾಲಿನ ಮೇಲೆ. ಎಡಗಾಲು ಖಾಲಿ, ಅದು ಮುಂದಕ್ಕೆ ಚಾಚಿ ಹಿಮ್ಮಡಿಯನ್ನು ಮಾತ್ರ ನೆಲಕ್ಕೆ ತಾಗಿಸುತ್ತದೆ. ಈ ಕ್ಷಣದಲ್ಲಿ ನೆಲ ಸರಿಯಿಲ್ಲವೆನಿಸಿದರೆ ಆ ಕಾಲನ್ನು ಹಿಂದಕ್ಕೆ ತೆಗೆದುಕೊಳ್ಳಲು ಸಾಧ್ಯವಾಗಬೇಕು, ಅಷ್ಟು ಹಗುರವಾಗಿ ಅದು ಕೂತಿರಬೇಕು. ಬೆಕ್ಕು ಹೆಜ್ಜೆಯಿಡುವುದು ಹೀಗೆ, ಹಳೆಯ ಗುರುಗಳು ಕೊಡುತ್ತಿದ್ದ ಹೋಲಿಕೆಯೂ ಬೆಕ್ಕಿನದೇ. ಆಮೇಲೆ ಪಾದ ಪೂರ್ತಿ ಊರುತ್ತದೆ, ಭಾರ ಮೆಲ್ಲಮೆಲ್ಲನೆ ಮುಂದೆ ಹರಿಯುತ್ತದೆ, ಸೊಂಟ ತಿರುಗುತ್ತದೆ. ಸೊಂಟ ತಿರುಗಿದ್ದರಿಂದ ಎಡಗೈ ಓರೆಯಾಗಿ ಕಣ್ಣಿನೆತ್ತರಕ್ಕೆ ಏರುತ್ತದೆ, ಬಲಗೈ ತೊಡೆಯ ಪಕ್ಕಕ್ಕೆ ಇಳಿಯುತ್ತದೆ. ಕೊನೆಯಲ್ಲಿ ಭಾರದ ಹೆಚ್ಚಿನ ಪಾಲು ಮುಂದಿನ ಕಾಲಿನ ಮೇಲಿರುತ್ತದೆ. ಕೈ ಮೊದಲು ಚಲಿಸಿ ಮೈ ಹಿಂದೆ ಬಂದರೆ ಅದು ತಪ್ಪು. ಹೊಡೆದಾಟದಲ್ಲಿ ಇದೇ ಚಲನೆ ಎದುರಾಳಿಯ ಕಂಕುಳ ಕೆಳಗೆ ತೋಳು ತೂರಿಸಿ ಅವನನ್ನು ಹಿಂದಕ್ಕೆ ಕೆಡಹುವ ಪಟ್ಟು.

ತಲೆಯನ್ನು ಮೇಲಿನಿಂದ ದಾರ ಕಟ್ಟಿ ತೂಗಿಬಿಟ್ಟಂತೆ ಇಟ್ಟುಕೊಳ್ಳಬೇಕು ಎನ್ನುತ್ತಾರೆ. ತಲೆಯ ಮೇಲೆ ತುಂಬಿದ ಕೊಡ ಹೊತ್ತು ನಡೆಯುವ ಹೆಂಗಸರ ಕತ್ತು, ಬೆನ್ನುಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚಲನೆಯ ವೇಗಕ್ಕೆ ಕೊಡುವ ಹೋಲಿಕೆ ನಮಗೆ ಇನ್ನೂ ಹತ್ತಿರದ್ದು: ರೇಷ್ಮೆ ಗೂಡಿನಿಂದ ಎಳೆ ತೆಗೆದಂತೆ. ರಾಮನಗರ, ಶಿಡ್ಲಘಟ್ಟದ ಕಡೆಯ ನೂಲು ಬಿಚ್ಚಾಣಿಕೆದಾರರಿಗೆ ಗೊತ್ತು, ಎಳೆಯನ್ನು ಗಕ್ಕನೆ ಎಳೆದರೆ ತುಂಡಾಗುತ್ತದೆ, ಸಡಿಲ ಬಿಟ್ಟರೆ ಸಿಕ್ಕಾಗುತ್ತದೆ. ಒಂದೇ ಹದದಲ್ಲಿ, ನಡುವೆ ನಿಲ್ಲದಂತೆ ಎಳೆಯಬೇಕು. ಒಂದು ಭಂಗಿ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂದು ನೋಡುವವರಿಗೆ ತಿಳಿಯಬಾರದು.

ಯೋಗಾಸನಕ್ಕೂ ಇದಕ್ಕೂ ಎದ್ದು ಕಾಣುವ ವ್ಯತ್ಯಾಸ ಇದೇ. ಆಸನದಲ್ಲಿ ತಲುಪಿ ನಿಲ್ಲುತ್ತೇವೆ. ತೈ ಚಿಯಲ್ಲಿ ನಿಲ್ಲುವ ಜಾಗವೇ ಇಲ್ಲ. ಮಾಲೆಯುದ್ದಕ್ಕೂ ಕಾಲ ಮೇಲೆಯೇ ಇರುವುದರಿಂದ, ನೆಲದ ಮೇಲೆ ಕೂತು ಏಳಲು ಕಷ್ಟಪಡುವವರಿಗೂ ಇದು ಒಗ್ಗುತ್ತದೆ.

ಮಾಲೆ ಕಲಿತವರು ಇಬ್ಬರಾಗಿ ಮಾಡುವ ‘ತುಯ್‌ಶೌ’ ಎಂಬ ಅಭ್ಯಾಸವೂ ಇದೆ: ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ, ಎದುರಿನವರು ತಳ್ಳುವುದನ್ನು ಚರ್ಮದಿಂದಲೇ ಅರಿತು ಜಾಗ ಕೊಡುವುದು. ಮೇಲೆ ಹೇಳಿದ ಬಾಗಿಲಿನ ಪಾಠವನ್ನು ಮೈ ಕಲಿಯುವುದು ಅಲ್ಲಿ.

## ಕತ್ತಲಲ್ಲಿ ಬಚ್ಚಲಿಗೆ ಹೋಗುವ ದಾರಿ

ತೈ ಚಿಯ ಪ್ರಯೋಜನಗಳಲ್ಲಿ ಹೆಚ್ಚು ಪುರಾವೆ ಇರುವುದು ಬೀಳುವುದನ್ನು ತಡೆಯುವ ವಿಷಯದಲ್ಲಿ. ಬೀಳುವುದನ್ನು ನಾವು ಹಗುರವಾಗಿ ತೆಗೆದುಕೊಳ್ಳುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದರದ್ದು. ಸಾಯದಿದ್ದರೂ, ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದ ಅಜ್ಜಿ ಮತ್ತೆ ಮೊದಲಿನಂತಾಗದ ಕಥೆ ಪ್ರತಿ ಕೇರಿಯಲ್ಲೂ ಇದೆ.

ನಾವು ನೆಟ್ಟಗೆ ನಿಂತಿರುವುದು ಮೂರು ಕಡೆಯಿಂದ ಬರುವ ಸುದ್ದಿಯ ಬಲದಿಂದ. ಕಣ್ಣು ಸುತ್ತಲಿನ ಜಗತ್ತನ್ನು ನೋಡಿ ಹೇಳುತ್ತದೆ. ಒಳಗಿವಿಯ ದ್ರವ ತುಂಬಿದ ನಳಿಕೆಗಳು ತಲೆ ಯಾವ ಕಡೆ ವಾಲಿತು, ತಿರುಗಿತು ಎಂದು ತಿಳಿಸುತ್ತವೆ. ಪಾದ, ಕೀಲು, ಸ್ನಾಯುಗಳ ನರಗಳು ಭಾರ ಎಲ್ಲಿದೆ ಎಂದು ವರದಿ ಕೊಡುತ್ತವೆ. ರಾತ್ರಿ ದೀಪ ಹಾಕದೆ ಬಚ್ಚಲಿಗೆ ಹೊರಟಾಗ ಕಣ್ಣಿನ ಸುದ್ದಿ ನಿಂತುಹೋಗುತ್ತದೆ. ವಯಸ್ಸಾದಂತೆ ಪಾದದ ಸ್ಪರ್ಶವೂ ಮಂಕಾಗಿರುತ್ತದೆ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಇನ್ನೂ ಹೆಚ್ಚು. ತೊಡೆಯ ಬಲ ಕುಂದಿರುವುದರಿಂದ, ಎಡವಿದಾಗ ಇನ್ನೊಂದು ಕಾಲನ್ನು ಬೇಗ ಮುಂದಿಟ್ಟು ಸಾವರಿಸಿಕೊಳ್ಳಲು ಆಗುವುದಿಲ್ಲ. ಒಮ್ಮೆ ಬಿದ್ದವರಿಗೆ ಭಯ ಹತ್ತುತ್ತದೆ, ಭಯಕ್ಕೆ ಓಡಾಟ ಕಡಿಮೆಯಾಗುತ್ತದೆ, ಓಡಾಟ ಕಡಿಮೆಯಾಗಿ ಕಾಲು ಇನ್ನೂ ಸೋಲುತ್ತದೆ.

ತೈ ಚಿಯ ನಿಧಾನ ಕೆಲಸ ಮಾಡುವುದು ಇಲ್ಲಿಯೇ. ಬಾಗಿದ ಮಂಡಿಯಲ್ಲಿ ಒಂದೇ ಕಾಲಿನ ಮೇಲೆ ಇಡೀ ಮೈಯನ್ನು ಹೊತ್ತು ಸಾಗುವಾಗ ತೊಡೆ ಗಟ್ಟಿಯಾಗುತ್ತದೆ. ಬೇಗ ನಡೆಯುವಾಗ ಕ್ಷಣಾರ್ಧದಲ್ಲಿ ದಾಟಿಹೋಗುವ ಅಪಾಯದ ಘಟ್ಟ, ಅಂದರೆ ಒಂದು ಕಾಲು ಗಾಳಿಯಲ್ಲಿರುವ ಗಳಿಗೆ, ಇಲ್ಲಿ ಹಿಗ್ಗುತ್ತದೆ. ಪಾದದಡಿಯ ಸುದ್ದಿಯನ್ನು ಕೇಳಿಸಿಕೊಳ್ಳಲು ಮಿದುಳಿಗೆ ಪುರುಸೊತ್ತು ಸಿಗುತ್ತದೆ. ಜೊತೆಗೆ ಮಾಲೆಯ ಕ್ರಮವನ್ನು ನೆನಪಿನಲ್ಲಿಟ್ಟು, ಕಣ್ಣು ಕೈ ಸೊಂಟಗಳನ್ನು ಹೊಂದಿಸಬೇಕಾದ ಕೆಲಸವೂ ಇದೆ.

ಅಮೆರಿಕದ ಒರೆಗಾನ್‌ನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೀಳುವ ಅಪಾಯವಿದ್ದ 70 ದಾಟಿದ 670 ಜನರನ್ನು ಮೂರು ಗುಂಪು ಮಾಡಲಾಯಿತು. ವಾರಕ್ಕೆ ಎರಡು ಬಾರಿ, 24 ವಾರ. ಮೈ ಚಾಚುವ ಸರಳ ವ್ಯಾಯಾಮ ಮಾಡಿದವರಿಗಿಂತ ತೈ ಚಿ ಗುಂಪಿನಲ್ಲಿ ಬೀಳುವುದು ಶೇ 58ರಷ್ಟು ಕಡಿಮೆಯಾಗಿತ್ತು. ಬಲ, ಸಮತೋಲನ, ಏರೋಬಿಕ್ ಎಲ್ಲ ಸೇರಿಸಿದ ವ್ಯಾಯಾಮದ ಗುಂಪಿಗಿಂತಲೂ ಶೇ 31ರಷ್ಟು ಕಡಿಮೆ. ಒಂದೇ ಅಧ್ಯಯನದ ದೊಡ್ಡ ಅಂಕಿಯನ್ನು ಹಿಡಿದು ಕೂರುವುದು ಸರಿಯಲ್ಲ. ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಜಾಲ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿದ 2019ರ ವಿಮರ್ಶೆಯಲ್ಲಿ ಆ ಇಳಿಕೆ ಐದನೇ ಒಂದು ಭಾಗದ ಆಸುಪಾಸಿನಲ್ಲಿದೆ. ಮಾತ್ರೆಯಿಲ್ಲದೆ, ಯಂತ್ರವಿಲ್ಲದೆ ಅಷ್ಟು ಸಿಕ್ಕರೂ ಅದು ಸಣ್ಣದಲ್ಲ ಎಂದು ನನ್ನ ನಂಬಿಕೆ.

## ಉಳಿದ ಪ್ರಯೋಜನಗಳು, ಮಿತಿಗಳು

ಪಾರ್ಕಿನ್ಸನ್ ಕಾಯಿಲೆಯ 195 ಜನರ ಮೇಲೆ ನಡೆದ 2012ರ ಅಧ್ಯಯನದಲ್ಲಿ ತೈ ಚಿ ಮಾಡಿದವರ ನಿಲುವಿನ ಸ್ಥಿರತೆ ಉಳಿದ ಗುಂಪುಗಳಿಗಿಂತ ಸುಧಾರಿಸಿತ್ತು. ಮೊಣಕಾಲು ಸವೆತವಿದ್ದ 204 ಜನರಲ್ಲಿ, 12 ವಾರಗಳ ತೈ ಚಿ ನೋವು ತಗ್ಗಿಸುವುದರಲ್ಲಿ ಫಿಸಿಯೋಥೆರಪಿಗೆ ಸಮನಾಗಿ ನಿಂತಿತು, ಇದು 2016ರದ್ದು. ರಕ್ತದೊತ್ತಡ ಏರುವ ಅಂಚಿನಲ್ಲಿದ್ದ 342 ಜನರನ್ನು ಚೀನಾದಲ್ಲಿ ಒಂದು ವರ್ಷ ಗಮನಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೇಲಿನ ಒತ್ತಡ ತೈ ಚಿ ಗುಂಪಿನಲ್ಲಿ ಸರಾಸರಿ 7 ಅಂಶ ಇಳಿಯಿತು, ಏರೋಬಿಕ್ ವ್ಯಾಯಾಮದ ಗುಂಪಿನಲ್ಲಿ 4.6.

ಎಲ್ಲ ಕಡೆ ಫಲ ಹೀಗಿಲ್ಲ. ಹೃದಯ ವೈಫಲ್ಯವಿದ್ದ 100 ಜನರ 2011ರ ಅಧ್ಯಯನದಲ್ಲಿ ರೋಗಿಗಳ ಜೀವನದ ಗುಣಮಟ್ಟ, ಮನಸ್ಸಿನ ಲವಲವಿಕೆ ಸುಧಾರಿಸಿದರೂ ಆರು ನಿಮಿಷದಲ್ಲಿ ಅವರು ನಡೆಯಬಲ್ಲ ದೂರ ಹೆಚ್ಚಲಿಲ್ಲ. ಮಾತ್ರೆಯ ಪರೀಕ್ಷೆಯಲ್ಲಿ ಕೆಲವರಿಗೆ ಸಕ್ಕರೆ ಗುಳಿಗೆ ಕೊಟ್ಟು ಹೋಲಿಸಬಹುದು. ತೈ ಚಿ ಮಾಡುತ್ತಿರುವವರಿಗೆ ತಾವು ಅದನ್ನು ಮಾಡುತ್ತಿರುವುದು ಗೊತ್ತೇ ಇರುತ್ತದೆ. ಆದ್ದರಿಂದ ಗುಣದಲ್ಲಿ ಎಷ್ಟು ಪಾಲು ಚಲನೆಯದು, ಎಷ್ಟು ಗುಂಪಿನ ಒಡನಾಟ ಮತ್ತು ನಂಬಿಕೆಯದು ಎಂದು ಬಿಡಿಸುವುದು ಕಷ್ಟ. ಪ್ರಾಣಶಕ್ತಿಯ ಅರ್ಥದ ‘ಚಿ’ಯನ್ನು ಯಾವ ಉಪಕರಣವೂ ಅಳೆದಿಲ್ಲ. ಗುರುಗಳು ಅದನ್ನು ಹೊಕ್ಕುಳ ಕೆಳಗೆ ಇಳಿಸಿ ಎಂದಾಗ, ಉಸಿರು ಹೊಟ್ಟೆಯವರೆಗೆ ಇಳಿಯಲಿ, ಭುಜ ಎತ್ತಿ ಬಿಗಿಯಬೇಡಿ ಎಂದು ಅರ್ಥ ಮಾಡಿಕೊಂಡರೂ ಅಭ್ಯಾಸ ಮುಂದುವರಿಯುತ್ತದೆ.

## ಕಲಿಯಲು ಹೊರಟವರಿಗೆ

ಚಪ್ಪಟೆ ಅಡಿಯ, ಜಾರದ ಪಾದರಕ್ಷೆ, ಸಡಿಲ ಬಟ್ಟೆ, ನಾಲ್ಕು ಹೆಜ್ಜೆ ಇಡುವಷ್ಟು ಜಾಗ ಸಾಕು. ಸಾಧ್ಯವಾದರೆ ಗುರುವಿನ ಎದುರೇ ಕಲಿಯಬೇಕು, ಕಾರಣ ಮೊಣಕಾಲು. ಪಾದ ಒಂದು ಕಡೆ ನೋಡುತ್ತ ಮೊಣಕಾಲು ಇನ್ನೊಂದು ಕಡೆ ತಿರುಗಿದರೆ ನೋವು ವಾಸಿಯಾಗುವ ಬದಲು ಹೊಸದಾಗಿ ಹುಟ್ಟುತ್ತದೆ. ಮೊಣಕಾಲು ಸದಾ ಪಾದದ ಬೆರಳುಗಳ ದಿಕ್ಕಿನಲ್ಲೇ ಬಾಗಬೇಕು, ಬೆರಳುಗಳ ತುದಿ ದಾಟಿ ಮುಂದೆ ಹೋಗಬಾರದು. ಪರದೆಯ ಮೇಲಿನ ವಿಡಿಯೊ ನಿಮ್ಮ ಮೊಣಕಾಲನ್ನು ನೋಡಲಾರದು. ಕೆಳಗೆ ಕೂತಷ್ಟೂ ಚೆನ್ನ ಎಂಬ ಹುರುಪು ಬೇಡ. ಎತ್ತರದ ನಿಲುವಿನಲ್ಲೂ ಭಾರ ಸಾಗಿಸುವ ಪಾಠ ಪೂರ್ತಿ ಸಿಗುತ್ತದೆ. ತಲೆಸುತ್ತು, ಮೂಳೆ ಸವಕಳಿ ಇದ್ದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು ವೈದ್ಯರನ್ನು ಕೇಳಿ ಶುರು ಮಾಡಬೇಕು. ಒತ್ತಡದ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು.

ಹೆಚ್ಚಿನ ಅಧ್ಯಯನಗಳಲ್ಲಿ ಫಲ ಕಂಡದ್ದು ವಾರಕ್ಕೆ ಎರಡು ಮೂರು ಬಾರಿಯಂತೆ ಮೂರರಿಂದ ಆರು ತಿಂಗಳು ಮಾಡಿದವರಲ್ಲಿ. ಮೊದಲ ವಾರಗಳಲ್ಲಿ ಭಂಗಿಗಳ ಗೊಡವೆಗೆ ಹೋಗದೆ ನಡಿಗೆಯನ್ನಷ್ಟೇ ಕಲಿಸುವ ಗುರುಗಳಿದ್ದಾರೆ, ಅವರ ದಾರಿ ನನಗೆ ಸರಿಯೆನಿಸುತ್ತದೆ. ಪಡಸಾಲೆಯ ಗೋಡೆಯ ಪಕ್ಕ, ಕೈಗೆಟುಕುವಲ್ಲಿ ಒಂದು ಕುರ್ಚಿ ಇಟ್ಟುಕೊಂಡು ನಿಲ್ಲಿ. ಭಾರವನ್ನೆಲ್ಲ ಬಲಗಾಲಿಗೆ ಸುರಿಯಿರಿ. ಎಡಗಾಲು ಖಾಲಿಯಾಯಿತೆಂದು ಖಚಿತವಾದ ಮೇಲೆ ಅದನ್ನು ಎತ್ತಿ, ಹಿಮ್ಮಡಿಯನ್ನು ಮುಂದೆ ತಾಗಿಸಿ, ಪಾದವೂರಿ, ನೀರು ಸುರಿದಂತೆ ಭಾರವನ್ನು ಅದಕ್ಕೆ ಸಾಗಿಸಿ. ಈಗ ಬಲಗಾಲು ಖಾಲಿ. ಗೋಡೆಯ ಆ ತುದಿ ಮುಟ್ಟಲು ಹತ್ತು ನಿಮಿಷವಾದರೂ ಆಗಲಿ.